ಹಸಿರು ಗುರುತನ್ನು ನಂಬದಾಕೆ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬಾಗಿಲಿನ ದೀಪ ಇನ್ನೂ ಉರಿಯುತ್ತಿದೆ. ಅಲ್ಲಿಂದ ಇಪ್ಪತ್ತೆರಡು ಮೆಟ್ಟಿಲು ಇಳಿದರೆ ನೆಲಮಾಳಿಗೆಯ ಉದ್ದನೆಯ ಹಜಾರ. ಎಡಕ್ಕೆ ಬಟ್ಟೆಯ ಉಗ್ರಾಣ. ಆಗಷ್ಟೇ ಒಗೆದು ಒಣಗಿಸಿದ ಹೊದಿಕೆಗಳ ಬಿಸಿ ವಾಸನೆ ಬಾಗಿಲ ಸಂದಿನಿಂದ ಬರುತ್ತದೆ. ಅದರ ಪಕ್ಕದಲ್ಲೇ ಬೂದು ಬಣ್ಣದ ಕಬ್ಬಿಣದ ಬಾಗಿಲು. ‘ಅನುಮತಿ ಇಲ್ಲದೆ ಒಳಗೆ ಬರಬಾರದು’ ಎಂದು ಬರೆದಿದೆ. ಅನುಮತಿ ಕೇಳಿಕೊಂಡು ಬಂದವರೂ ಯಾರೂ ಇಲ್ಲ, ಅದು ಬೇರೆ ಮಾತು.

ಬೀಗ ತೆಗೆಯುತ್ತಿರುವ ಹೆಂಗಸಿಗೆ ಐವತ್ತೇಳು ವರ್ಷ. ಒಳಗೆ ಕಾಲಿಡುವ ಮೊದಲೇ ಚೀಲದಿಂದ ದಪ್ಪ ಉಣ್ಣೆಯ ಕೋಟು ತೆಗೆದು ತೊಟ್ಟುಕೊಳ್ಳುತ್ತಾರೆ. ಊರೆಲ್ಲ ಸೆಕೆಯಲ್ಲಿ ಬೇಯುತ್ತಿದ್ದರೂ ಈ ಕೋಣೆಯಲ್ಲಿ ವರ್ಷವಿಡೀ ಹದಿನೆಂಟು ಡಿಗ್ರಿ. ಆಳೆತ್ತರದ ಆರು ಕಪ್ಪು ಕಪಾಟುಗಳು, ಅವುಗಳ ತುಂಬ ಸಾಲಾಗಿ ಕೂತ ಡಿಸ್ಕುಗಳು, ಒಂದೊಂದರ ಮುಂದೆಯೂ ಅಕ್ಕಿಕಾಳಿನಷ್ಟು ಬೆಳಕು. ಫ್ಯಾನುಗಳ ಸದ್ದಿಗೆ ಮಾತು ಎರಡೆರಡು ಸಲ ಆಡಬೇಕು. ಈ ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇ, ಮಾಡಿದ ರಕ್ತಪರೀಕ್ಷೆ, ಬರೆದ ಔಷಧಿಚೀಟಿ, ಹುಟ್ಟಿದವರ ಪಟ್ಟಿ, ಹೋದವರ ಪಟ್ಟಿ, ಎಲ್ಲವೂ ಈ ಡಿಸ್ಕುಗಳ ಮೇಲಿವೆ. ಒಂದು ಕಡೆ ಇರುವುದನ್ನು ಇನ್ನೊಂದು ಕಡೆ ನಕಲು ಮಾಡಿಡುವುದು, ಮೊದಲನೆಯದು ಕೆಟ್ಟ ದಿನ ಎರಡನೆಯದನ್ನು ವಾಪಸು ತಂದುಕೊಡುವುದು ಈಕೆಯ ಕೆಲಸ. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಬಾಯಲ್ಲೂ ಈಕೆ ‘ಬ್ಯಾಕಪ್ ಅಕ್ಕ’. ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು.

ಪರದೆಯ ಮೇಲೆ ಇನ್ನೂರ ಹದಿನಾಲ್ಕು ಸಾಲು. ಒಂದೊಂದು ಸಾಲೂ ಒಂದೊಂದು ವಿಭಾಗದ ನಕಲು ಕೆಲಸ. ಎಲ್ಲದರ ಮುಂದೆಯೂ ಹಸಿರು ಗುರುತು ಬಿದ್ದಿದೆ, ಅಂದರೆ ಕೆಲಸ ಸುಸೂತ್ರ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಚಹಾಕ್ಕೆ ಹೊರಟಿರುತ್ತಿದ್ದರು. ಅಕ್ಕ ಮಾತ್ರ ಪರ್ಸಿನಿಂದ ಬೆಳಗಿನ ಬಸ್ ಟಿಕೆಟ್ ತೆಗೆದು, ಕನ್ನಡಕ ಹಣೆಗೇರಿಸಿ, ಅದರ ಸಂಖ್ಯೆ ಓದುತ್ತಾರೆ. ಕೊನೆಯ ಮೂರು ಅಂಕಿ ಒಂದು, ಮೂರು, ಒಂದು. ಅಂದರೆ ಇವತ್ತು ನೂರ ಮೂವತ್ತೊಂದನೇ ಸಾಲಿನ ಸರದಿ. ಸಂಖ್ಯೆ ಇನ್ನೂರ ಹದಿನಾಲ್ಕನ್ನು ಮೀರಿದ ದಿನ ಅಷ್ಟಷ್ಟೇ ಕಳೆಯುತ್ತ ಬರುತ್ತಾರೆ. ಅದು ಮೂಳೆ ವಿಭಾಗದ್ದು. ಅದರ ನಕಲಿನಿಂದ ಒಂದೇ ಒಂದು ಫೈಲನ್ನು ಹೊರಗೆ ಎಳೆದು, ಖಾಲಿ ಡಿಸ್ಕೊಂದರ ಮೇಲೆ ಇಳಿಸಿ, ತೆರೆದು ನೋಡುತ್ತಾರೆ. ಯಾರದೋ ಮಂಡಿಯ ಎಕ್ಸ್‌ರೇ. ಪೂರ್ತಿ ಇದೆ. ಕೋಟಿನ ಜೇಬಿನಿಂದ ನೋಟ್‌ಬುಕ್ ತೆಗೆದು ದಿನಾಂಕ, ‘131’, ಮುಂದೆ ಒಂದೇ ಪದ ಬರೆಯುತ್ತಾರೆ: ‘ಬಂತು’.

“ಹಸಿರು ಅಂದ್ರೆ ಕೆಲಸ ಮುಗೀತು ಅಂತ ಅಷ್ಟೇ. ಇಟ್ಟಿದ್ದು ವಾಪಸ್ ಬರುತ್ತೆ ಅಂತ ಅಲ್ಲ” ಎನ್ನುತ್ತಾರೆ. “ಯಾವ ಸಾಲು ಅಂತ ನಾನೇ ಆರಿಸ್ಕೊಂಡ್ರೆ ಸುಲಭದ್ದೇ ಆರಿಸ್ತೀನಿ, ನಮ್ಮ ಬುದ್ಧಿ ಹಂಗೆ. ಟಿಕೆಟ್ಟಿಗೆ ಯಾರ ಮುಲಾಜೂ ಇಲ್ಲ ನೋಡಿ.”

ಟಿಕೆಟ್ಟಿನ ಸಾಲು ಮುಗಿದ ಮೇಲೆ ಇನ್ನೊಂದು ಸಾಲನ್ನೂ ತೆರೆಯುತ್ತಾರೆ. ಅದು ಯಾವತ್ತೂ ಒಂದೇ: ಪಟ್ಟಿಯ ಕೊನೆಯದು, ಇನ್ನೂರ ಹದಿನಾಲ್ಕನೆಯದು. ಅದನ್ನು ತೆರೆದು ಕೆಲವು ಕ್ಷಣ ನೋಡಿ, ಮುಚ್ಚಿ, ಮೂಗು ಒರೆಸಿಕೊಳ್ಳುತ್ತಾರೆ. ಚಳಿ ಕೋಣೆ, ಮೂಗು ಸೋರುತ್ತದೆ ಎಂಬ ಸಬೂಬು ಸಿದ್ಧವಾಗಿಯೇ ಇದೆ. ಆ ಸಾಲಿನಲ್ಲಿರುವುದು ಒಂದೇ ಫೈಲು. ಅದರ ಒಂದು ಮುದ್ರಿತ ಪ್ರತಿ ಮೇಜಿನ ಡ್ರಾಯರಿನಲ್ಲಿ, ಒಂದು ಕವರಿನೊಳಗೆ ನಾಲ್ಕು ತಿಂಗಳಿಂದ ಕೂತಿದೆ. ಇವತ್ತು ಹತ್ತು ಗಂಟೆಗೆ ಒಬ್ಬ ತಾಯಿ ಈ ಬಾಗಿಲಿಗೆ ಬರುತ್ತಾಳೆ. ಆ ಕವರನ್ನು ಅವಳ ಕೈಗೆ ಕೊಡುವುದೋ ಬೇಡವೋ ಎಂಬುದನ್ನು ಅಕ್ಕ ಇನ್ನೂ ತೀರ್ಮಾನಿಸಿಲ್ಲ.

ಮೂವತ್ತೊಂದು ವರ್ಷದ ಹಿಂದೆ ಈಕೆ ಇಲ್ಲಿಗೆ ಸೇರಿದ್ದು ಕಾಗದದ ದಾಖಲೆ ಕೋಣೆಗೆ. ಏಣಿ ಹತ್ತಿ ಕಡತ ತೆಗೆದುಕೊಡುವ, ಸಂಜೆ ಅದನ್ನು ಮತ್ತೆ ಅದೇ ಜಾಗದಲ್ಲಿ ಇಡುವ ಕೆಲಸ. ಕಂಪ್ಯೂಟರ್ ಬಂದಾಗ ಜೊತೆಯವರೆಲ್ಲ ಮೇಲಿನ ಕೌಂಟರುಗಳಿಗೆ ಹೋದರು. ನೆಲಮಾಳಿಗೆಗೆ ಇಳಿಯಲು ಯಾರೂ ಒಪ್ಪದಿದ್ದಾಗ ಈಕೆಯನ್ನು ಕಳಿಸಿದರು. ಕಪಾಟು ಜೋಡಿಸಲು ಬಂದ ಎಂಜಿನಿಯರ್ ಒಂಬತ್ತು ದಿನ ಇದ್ದ. ಆ ಒಂಬತ್ತು ದಿನವೂ ಅವನ ಬೆನ್ನಿಗೆ ಬಿದ್ದು, ಅವನು ಮಾಡಿದ್ದನ್ನೆಲ್ಲ ಬರೆದುಕೊಂಡು, ಅರ್ಥವಾಗದ್ದನ್ನು ಮತ್ತೆ ಮತ್ತೆ ಕೇಳಿ ಅವನ ತಲೆ ಚಿಟ್ಟು ಹಿಡಿಸಿದರಂತೆ. ಓದಿದ್ದು ಶಾಲೆಯ ಕೊನೆಯ ತರಗತಿಯವರೆಗೆ. ಇವತ್ತಿಗೂ ಕಾಗದದ ಮೇಲೆ ಈಕೆಯ ಹುದ್ದೆ ‘ದಾಖಲೆ ಸಹಾಯಕಿ’.

ಕೋಣೆಯಲ್ಲಿ ಮುನ್ನೂರ ಇಪ್ಪತ್ತು ಡಿಸ್ಕುಗಳಿವೆ. ತಿಂಗಳಿಗೆ ಒಂದೋ ಎರಡೋ ಸಾಯುತ್ತವೆ. ಸಾಯುವ ಮುಂಚೆ ಬೆಳಕು ಹಳದಿಯಾಗುತ್ತದೆ, ಕೆಲವು ಸಣ್ಣಗೆ ಟಕಟಕ ಎನ್ನುತ್ತವೆ. ಇಲ್ಲಿಯವರೆಗೆ ನಾನೂರಕ್ಕೂ ಹೆಚ್ಚು ಡಿಸ್ಕುಗಳನ್ನು ಕೈಯಾರೆ ಬದಲಿಸಿದ್ದಾರೆ. ದಿನಕ್ಕೆ ಆರೇಳು ಫೋನು ಬರುತ್ತವೆ, ಎಲ್ಲರದೂ ಒಂದೇ ಪಲ್ಲವಿ: “ನಾನೇನೂ ಮಾಡಿಲ್ಲ ಅಕ್ಕ, ತಾನಾಗೇ ಹೋಯ್ತು.” ಒಬ್ಬ ಹಿರಿಯ ಡಾಕ್ಟರು ಮೂರು ವರ್ಷದ ಸಂಶೋಧನೆಯ ಫೋಲ್ಡರನ್ನೇ ಅಳಿಸಿಕೊಂಡು, ಫೋನಿನಲ್ಲಿ ತಡವರಿಸಿದರು. ಹತ್ತು ನಿಮಿಷದಲ್ಲಿ ಫೋಲ್ಡರು ಮರಳಿ ಸ್ವಸ್ಥಾನ ಸೇರಿತು. “ಓ, ಅಲ್ಲೇ ಇತ್ತಾ” ಎಂದು ಡಾಕ್ಟರು ಫೋನ್ ಇಟ್ಟರು.

“ಅಲ್ಲೇ ಇತ್ತಂತೆ!” ಅಕ್ಕನಿಗೆ ಈಗಲೂ ನಗು. “ಎಲ್ಲಿಂದ ಎಳ್ಕೊಂಡು ಬಂದೆ ಅಂತ ಅವರಿಗೇನು ಗೊತ್ತು. ಇರ್ಲಿ ಬಿಡಿ, ಗೊತ್ತಾಗದಿದ್ರೇನೇ ನನ್ನ ಕೆಲಸ ಸರಿಯಾಗಿದೆ ಅಂತ ಲೆಕ್ಕ.”

ಫ್ಯಾನುಗಳ ಸದ್ದಿನಲ್ಲಿ ಇಷ್ಟು ವರ್ಷ ಕಳೆದದ್ದಕ್ಕೆ ಎಡಗಿವಿಯಲ್ಲಿ ಸದಾ ಗುಂಯ್ ಎನ್ನುವ ನಾದ. ಮನೆಯಲ್ಲಿ ಟೀವಿಯ ಸದ್ದು ಹೆಚ್ಚಿಸಿದರೆ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ, “ಬೀದಿಯವರಿಗೂ ವಾರ್ತೆ ಕೇಳಿಸ್ಬೇಕಾ?” ಎಂದು ರೇಗಿಸುತ್ತಾರೆ. ಅವರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೈಮೇಲಿನ ಉಣ್ಣೆಯ ಕೋಟು ಅವರದೇ ಕೈಕೆಲಸ. ಒಂದು ಹಳೆಯ ಕಂಬಳಿ ಕತ್ತರಿಸಿ ಹೊಲಿದದ್ದು, ನೋಟ್‌ಬುಕ್ಕಿನ ಅಳತೆಗೆ ಒಂದು ಜೇಬೂ ಇಟ್ಟಿದ್ದಾರೆ.

ನಗುತ್ತ ಹೇಳುವ ಮಾತುಗಳು ಇಷ್ಟು. ಮುಂದಿನದನ್ನು ಹೇಳುವಾಗ ಅಕ್ಕ ಕುರ್ಚಿಯಲ್ಲಿ ಕೂರುವುದಿಲ್ಲ. ಕಪಾಟಿನ ಮುಂದೆ, ಅದಕ್ಕೆ ಮುಖ ಮಾಡಿ ನಿಂತೇ ಹೇಳುತ್ತಾರೆ.

ಮೇಲೆ ನಾಲ್ಕನೇ ಮಹಡಿಯಲ್ಲಿ ನವಜಾತ ಶಿಶುಗಳ ವಾರ್ಡ್ ಇದೆ. ಅಲ್ಲಿಗೆ ಬಂದ ಪ್ರತಿ ಮಗುವಿನದೂ ಮೊದಲ ಗಂಟೆಯೊಳಗೆ ಒಂದು ಫೋಟೊ ತೆಗೆಯುತ್ತಾರೆ. ಮಕ್ಕಳು ಅದಲುಬದಲಾಗದಿರಲಿ ಎಂದು ತಲೆಯ ಹತ್ತಿರ ಸಂಖ್ಯೆಯ ಚೀಟಿ ಇಟ್ಟು, ಮೇಲಿನಿಂದ ಒಂದು ಕ್ಲಿಕ್. ಸಿಸ್ಟರ್ ಅದನ್ನು ವಾರ್ಡಿನ ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ನೆಲಮಾಳಿಗೆಯ ಕಪಾಟಿಗೆ ಕಳಿಸಿ, ವಾರ್ಡಿನಲ್ಲಿ ಅಳಿಸಿಬಿಡುತ್ತಾರೆ. ಮಗು ಮನೆಗೆ ಹೋದ ಮೇಲೆ ಆ ಫೋಟೊ ಯಾರಿಗೂ ಬೇಡ. ಮನೆಯವರೇ ಸಾವಿರ ಫೋಟೊ ತೆಗೆದುಕೊಂಡಿರುತ್ತಾರೆ.

ಏಳು ವರ್ಷದ ಹಿಂದೆ ಹೊಸ ಕಪಾಟು ಬಂತು. ವಾರ್ಡಿನ ಫೋಟೊಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸಿದರು. ನಕಲು ಮಾಡುವ ಪಟ್ಟಿಯಲ್ಲಿ ವಿಳಾಸ ಬದಲಿಸಬೇಕಿತ್ತು. ಅಕ್ಕ ಮರೆತರು. ಯಂತ್ರ ನಿಯತ್ತಾಗಿ ದಿನವೂ ಹಳೆಯ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಕಡೆ ನಕಲಿಸುವುದಕ್ಕೂ ಏನಿಲ್ಲ, ತಪ್ಪುವುದಕ್ಕೂ ಏನಿಲ್ಲ. ಕೆಲಸ ಮುಗಿಯಿತು ಎಂದು ಹಸಿರು ಗುರುತು ಹಾಕಿ ಮರಳಿ ಬಂತು. ಹೀಗೆ ಹನ್ನೊಂದು ತಿಂಗಳು.

ಆ ಕಾಲದ ನೋಟ್‌ಬುಕ್ ಅವರ ಬಳಿ ಇದೆ. ಒಂದು ಪುಟ ತೆರೆದು ತೋರಿಸುತ್ತಾರೆ. ದುಂಡಗಿನ ಅಕ್ಷರದಲ್ಲಿ ಬರೆದಿದೆ: ‘ಶಿಶು ವಾರ್ಡ್ — ಮೊದಲು 40 ನಿಮಿಷ ಬೇಕಿತ್ತು. ಹೊಸ ಕಪಾಟು ಬಂದ ಮೇಲೆ 2 ಸೆಕೆಂಡಿಗೆ ಮುಗಿಯುತ್ತಿದೆ. ಬಹಳ ಒಳ್ಳೆಯದು.’ ಕೆಳಗೆ ಎರಡು ಗೆರೆ ಎಳೆದಿದ್ದಾರೆ, ಖುಷಿಗೆ.

“ನೋಡಿ, ಎರಡು ಗೆರೆ!” ಎನ್ನುವಾಗ ಅಕ್ಕನ ದನಿ ಒಡೆಯುತ್ತದೆ. “ಎರಡು ಸೆಕೆಂಡಿಗೆ ಅಷ್ಟು ಫೋಟೊ ಹೆಂಗೆ ನಕಲಾಗುತ್ತೆ ಅಂತ ಒಂದು ದಿನನಾದ್ರೂ ಯೋಚನೆ ಬರಬೇಕಿತ್ತು ತಾನೆ? ಖಾಲಿ ಮಾಡಿದ ಮನೆಗೆ ದಿನಾ ಬೀಗ ಹಾಕ್ಕೊಂಡು, ಭದ್ರವಾಗಿದೆ ಅಂತ ಬೀಗ್ತಾ ಇದ್ದೆ.”

ಹನ್ನೊಂದನೇ ತಿಂಗಳಲ್ಲಿ ಹೊಸ ಕಪಾಟಿನ ಡಿಸ್ಕೊಂದು ಸತ್ತಿತು. ಒಂದು ಸತ್ತರೆ ಉಳಿದವು ತಡೆದುಕೊಳ್ಳುತ್ತವೆ, ಕಪಾಟನ್ನು ಮಾಡಿರುವುದೇ ಹಾಗೆ. ಅದರ ಜಾಗಕ್ಕೆ ಹೊಸದನ್ನು ತುಂಬುತ್ತಿರುವಾಗಲೇ ಪಕ್ಕದ್ದೂ ಸತ್ತಿತು. ಎರಡೂ ಒಂದೇ ಕಾರ್ಖಾನೆಯಿಂದ ಒಂದೇ ದಿನ ಬಂದವು. ಎರಡು ಹೋದರೆ ಉಳಿದವುಗಳ ಕೈಯಲ್ಲಿ ಏನೂ ಆಗದು. ಗಾಬರಿಯಿಂದ ಫೋನ್ ಮಾಡಿದ ವಾರ್ಡಿನ ದೊಡ್ಡ ಸಿಸ್ಟರಿಗೆ ಅಕ್ಕ ಹೇಳಿದ ಮಾತು: “ಯಾಕೆ ಹೆದರ್ತೀರಿ? ಬ್ಯಾಕಪ್ ಇದೆಯಲ್ಲ.” ಫೋನ್ ಇಟ್ಟು ನಕಲನ್ನು ತೆರೆದರು. ಒಳಗೆ ಸೊನ್ನೆ ಫೈಲು. ಮತ್ತೆ ಮುಚ್ಚಿ ತೆರೆದರು, ಮತ್ತೆ ಸೊನ್ನೆ. ಕಪಾಟು ಬದಲಿಸುವ ಮೊದಲಿನ ಫೋಟೊಗಳ ನಕಲು ಬೇರೆಡೆ ಉಳಿದಿತ್ತು; ಆ ಹನ್ನೊಂದು ತಿಂಗಳ ಸಾವಿರದ ಏಳುನೂರ ಅರವತ್ತೆರಡು ಮಕ್ಕಳ ಮೊದಲ ಫೋಟೊ ಹೋಗಿತ್ತು.

ವಿಚಾರಣೆ ನಡೆಯಿತು. ‘ಉಪಕರಣದ ದೋಷ’ ಎಂದು ಬರೆದು ಕಡತ ಮುಚ್ಚಿದರು. ನನ್ನ ತಪ್ಪೂ ಇದೆ, ಬರೆಯಿರಿ ಎಂದು ಅಕ್ಕ ಹೋಗಿ ಹೇಳಿದರೆ, “ಮಕ್ಕಳೆಲ್ಲ ಮನೇಲಿ ಆರಾಮಾಗಿದ್ದಾರೆ, ಫೋಟೊ ಯಾರು ಕೇಳ್ತಾರೆ ಬಿಡಿ” ಎಂದು ಮೇಲಧಿಕಾರಿ ಸಾಗಹಾಕಿದರು. ಮಾತು ಬಹುಪಾಲು ನಿಜವೇ. ಆದರೆ ಆ ಹನ್ನೊಂದು ತಿಂಗಳಲ್ಲಿ ಹತ್ತೊಂಬತ್ತು ಮಕ್ಕಳು ಮನೆಗೆ ಹೋಗಿರಲಿಲ್ಲ.

ಎರಡು ತಿಂಗಳ ಮೇಲೆ ಒಬ್ಬಾಕೆ ಬಂದಳು. ಮೇಲಿನ ಕೌಂಟರುಗಳಲ್ಲಿ ಅಲ್ಲಿ ಕೇಳಿ, ಇಲ್ಲಿ ಕೇಳಿ ಎಂದು ಓಡಾಡಿಸಿದ್ದರು. ಹೇಗೋ ದಾರಿ ಹುಡುಕಿಕೊಂಡು ನೆಲಮಾಳಿಗೆಗೆ ಇಳಿದಿದ್ದಳು. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಅಳತೆ ನೋಡಿ ಫ್ರೇಮ್ ಕೂರಿಸುವ ಕೆಲಸ ಅವಳದು. ಅವಳ ಮಗು, ಹೆಣ್ಣು, ಇಲ್ಲಿ ಎರಡೂವರೆ ದಿನ ಬದುಕಿತ್ತು. ಹೆರಿಗೆಯಲ್ಲಿ ರಕ್ತ ಹೋಗಿ ತಾಯಿ ಬೇರೆ ಮಹಡಿಯಲ್ಲಿ ಐದು ದಿನ ಎಚ್ಚರವಿಲ್ಲದೆ ಮಲಗಿದ್ದಳು. ಕಣ್ಣು ಬಿಟ್ಟಾಗ ಮಗುವಿನ ಕೊನೆಯ ಕೆಲಸವೂ ಮುಗಿದುಹೋಗಿತ್ತು. ಎರಡು ಮಹಡಿಗಳ ನಡುವೆ ಓಡಾಡುತ್ತಿದ್ದ ಗಂಡನಿಗೆ ಫೋಟೊ ತೆಗೆಯುವ ಯೋಚನೆ ಎಲ್ಲಿಂದ ಬರಬೇಕು? ಹೆತ್ತವಳು ಮಗುವನ್ನು ಒಂದು ಸಲವೂ ಕಂಡಿರಲಿಲ್ಲ. ವಾರ್ಡಿನಲ್ಲಿ ಫೋಟೊ ತೆಗೆದಿರುತ್ತಾರೆ ಎಂದು ಗೊತ್ತಿದ್ದರೂ, ಬಂದು ಕೇಳುವ ಧೈರ್ಯ ಕೂಡಿಸಿಕೊಳ್ಳಲು ಒಂದು ವರ್ಷ ಹಿಡಿದಿತ್ತು. ಎರಡು ತಿಂಗಳು ಮೊದಲೇ ಬಂದಿದ್ದರೆ ಫೋಟೊ ಇರುತ್ತಿತ್ತು. ಅವಳು ಬಂದ ದಿನ ಮಗುವಿನ ಮೊದಲ ಹುಟ್ಟುಹಬ್ಬ.

ತಾಂತ್ರಿಕ ಕಾರಣ ಎಂದು ಹೇಳಿ ಕಳಿಸಬಹುದಿತ್ತು. ಅಕ್ಕ ಅವಳನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ, ಎರಡು ಸೆಕೆಂಡು, ಎರಡು ಗೆರೆ, ಎಲ್ಲವನ್ನೂ ಹೇಳಿದರು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದುಕೊಂಡಿದ್ದರು. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: “ನೀವಾದ್ರೂ ನೋಡಿದ್ರಾ ಅವಳನ್ನ?”

ನೋಡಿರಲಿಲ್ಲ. ಅಷ್ಟೂ ಫೋಟೊಗಳ ಕಾವಲಿಗೆ ಕೂತವರು ಅವುಗಳಲ್ಲಿ ಒಂದನ್ನೂ ತೆರೆದು ನೋಡಿರಲಿಲ್ಲ. ಬಸ್ ಟಿಕೆಟ್ಟಿನ ಪದ್ಧತಿ ಶುರುವಾದದ್ದು ಮರುದಿನದಿಂದ.

ಜೊತೆಗೆ ಹುಡುಕಾಟವೂ ಶುರುವಾಯಿತು. ಹತ್ತೊಂಬತ್ತರಲ್ಲಿ ಹದಿನೈದು ಮನೆಯವರು ಗಾಜಿನಾಚೆಯಿಂದಲೋ ಹೇಗೋ ಮೊಬೈಲಿನಲ್ಲಿ ಮಗುವಿನ ಫೋಟೊ ತೆಗೆದುಕೊಂಡಿದ್ದರು. ನಾಲ್ವರ ಬಳಿ ಏನೂ ಇರಲಿಲ್ಲ. ವಾರ್ಡಿನ ಕ್ಯಾಮೆರಾದ ಹಳೆಯ ಕಾರ್ಡುಗಳು, ಒಬ್ಬ ಡಾಕ್ಟರು ಇನ್ನೊಬ್ಬರಿಗೆ ಕಳಿಸಿದ ಮೇಲ್‌ಗಳು, ಮುದ್ರಿಸಿ ಕಡತಕ್ಕೆ ಅಂಟಿಸಿದ ಹಾಳೆಗಳು, ಹೀಗೆ ಕಂಡ ಕಂಡಲ್ಲಿ ಜಾಲಾಡಿ, ಎರಡು ವರ್ಷದಲ್ಲಿ ಮೂರನ್ನು ಹುಡುಕಿದರು. ಮೂರನ್ನೂ ತಾವೇ ಆ ಮನೆಗಳಿಗೆ ಹೋಗಿ ಕೊಟ್ಟುಬಂದರು. ಉಳಿದದ್ದು 4417, ಕನ್ನಡಕದಂಗಡಿಯವಳ ಮಗು. ಅದೊಂದು ಎಲ್ಲಿಯೂ ಇರಲಿಲ್ಲ. ವಾರ್ಡಿನ ಹಳೆಯ ಕಂಪ್ಯೂಟರಿನಲ್ಲಿ ಅಳಿಸಿದ್ದರ ಗುರುತಾದರೂ ಸಿಕ್ಕೀತು ಎಂದು ಕೇಳಿದರೆ, ಅದನ್ನು ಗುಜರಿಗೆ ಹಾಕಲಾಗಿದೆ ಎಂದು ದಾಖಲೆ ಹೇಳುತ್ತಿತ್ತು.

ಪ್ರತಿ ವರ್ಷ ಅದೇ ತಾರೀಕಿಗೆ, ಅಂಗಡಿ ತೆರೆಯುವ ಮೊದಲು, ಅವಳು ಮೆಟ್ಟಿಲಿಳಿದು ಬರುತ್ತಾಳೆ. ಹೊಸ್ತಿಲಲ್ಲಿ ನಿಂತು “ಸಿಕ್ತಾ?” ಎನ್ನುತ್ತಾಳೆ. ಅಕ್ಕ “ಇಲ್ಲಮ್ಮಾ” ಎನ್ನುತ್ತಾರೆ. ಇಬ್ಬರೂ ಹಜಾರದ ಬೆಂಚಿನ ಮೇಲೆ ಕೂತು ಒಂದೊಂದು ಲೋಟ ಚಹಾ ಕುಡಿಯುತ್ತಾರೆ, ಅವಳು ಹೊರಡುತ್ತಾಳೆ. “ಗಂಡನ್ನ ಕೇಳೋಣ ಅಂದ್ರೆ ಅವರು ಎದ್ದು ಹೋಗಿಬಿಡ್ತಾರೆ. ಅವಳ ತಾರೀಕು ನೆನಪಿರೋದು ನನಗೆ ಬಿಟ್ರೆ ನಿಮಗೇ” ಎಂದು ಒಂದು ವರ್ಷ ಹೇಳಿದ್ದಳಂತೆ.

ಐದು ತಿಂಗಳ ಹಿಂದೆ ಬಟ್ಟೆ ಉಗ್ರಾಣದ ಮೇಲ್ವಿಚಾರಕನಿಂದ ಫೋನು: “ನಾನೇನೂ ಮಾಡಿಲ್ಲ ಅಕ್ಕ, ಬೆಡ್‌ಶೀಟಿನ ಪಟ್ಟಿ ತಾನಾಗೇ ಹೋಯ್ತು.” ನಾಲ್ಕು ಹೆಜ್ಜೆಯ ದಾರಿ, ತಾವೇ ಹೋದರು. ಹೊದಿಕೆಗಳ ರಾಶಿಯ ನಡುವೆ ಒಂದು ಹಳೆಯ ಕಂಪ್ಯೂಟರ್. ಅದರ ಮಗ್ಗುಲಲ್ಲಿ ಅರ್ಧ ಕಿತ್ತುಹೋದ ಚೀಟಿ: ‘ಶಿಶು ವಾರ್ಡ್’. ಗುಜರಿಗೆ ಹೋಗಬೇಕಿದ್ದದ್ದನ್ನು ಚೆನ್ನಾಗಿಯೇ ಇದೆಯಲ್ಲ ಎಂದು ಮೇಲ್ವಿಚಾರಕ ಸದ್ದಿಲ್ಲದೆ ಇಟ್ಟುಕೊಂಡಿದ್ದ. ಐದು ವರ್ಷ ಅದು ಅಕ್ಕನ ಗೋಡೆಯ ಆಚೆಗೇ ಇತ್ತು.

ಕಂಪ್ಯೂಟರಿನಲ್ಲಿ ಅಳಿಸಿದ ಫೈಲು ಅಳಿಸಿದ ಕ್ಷಣಕ್ಕೆ ಮಾಯವಾಗುವುದಿಲ್ಲ. ಅದರ ಜಾಗ ಖಾಲಿ ಎಂದು ಗುರುತಾಗುತ್ತದೆ ಅಷ್ಟೆ. ಆ ಜಾಗದಲ್ಲಿ ಬೇರೇನಾದರೂ ಬರೆಯುವವರೆಗೆ ಹಳೆಯದು ಅಲ್ಲೇ ಬಿದ್ದಿರುತ್ತದೆ. ಅಕ್ಕ ಆ ಡಿಸ್ಕನ್ನು ಮೊದಲು ಇಡಿಯಾಗಿ ನಕಲು ಮಾಡಿಕೊಂಡರು, ಒಂದಲ್ಲ, ಮೂರು. ಕೆಲಸದ ಹೊತ್ತು ಮುಗಿದ ಮೇಲೆ ದಿನವೂ ಎರಡು ಗಂಟೆಯಂತೆ ಐದು ವಾರ ಚೂರು ಚೂರಾಗಿ ಜಾಲಾಡಿದರು. ಸಾವಿರಾರು ತುಣುಕುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಕೊನೆಗೊಂದು ಸಂಜೆ ಪರದೆಯ ಮೇಲೆ ಒಂದು ಚೀಟಿ ಮೂಡಿತು: 4417. ಅದರ ಕೆಳಗೆ ತೆಳುವಾದ ಕಪ್ಪು ಕೂದಲು, ಹಣೆ, ಮುಚ್ಚಿದ ಎರಡು ಕಣ್ಣು, ಕಿವಿಗಳ ತುದಿ. ಅಲ್ಲಿಗೆ ಮುಗಿಯಿತು. ಅದರಿಂದ ಕೆಳಗೆಲ್ಲ ಬರೀ ಬೂದು ಬಣ್ಣ.

ಕೆಳಗಿನ ಅರ್ಧ ಇದ್ದ ಜಾಗದಲ್ಲಿ ಏನಿದೆ ಎಂದು ತೆರೆದು ನೋಡಿದರು. ‘ದೊಡ್ಡ ಹೊದಿಕೆ 212, ದಿಂಬಿನ ಚೀಲ 340, ಹರಿದದ್ದು 17.’ ಮಗುವಿನ ಮೂಗು, ಬಾಯಿ, ಗಲ್ಲದ ಮೇಲೆ ಬಟ್ಟೆಯ ಪಟ್ಟಿ ಬರೆದಾಗಿತ್ತು. ಅದನ್ನು ಇನ್ನು ಯಾರೂ ಮರಳಿ ತರಲಾರರು. ವಿಷಯ ತಿಳಿದ ಉಗ್ರಾಣದ ಮೇಲ್ವಿಚಾರಕ “ನಾನು ಬರೆದಿದ್ದು ಅದರ ಮೇಲಾ ಅಕ್ಕ?” ಎಂದು ಎರಡೆರಡು ಸಲ ಕೇಳಿ, ಆ ಮಧ್ಯಾಹ್ನ ಬುತ್ತಿ ಬಿಚ್ಚದೆ ಕೂತಿದ್ದನಂತೆ. ತಪ್ಪು ಅವನದಲ್ಲ ಎಂದು ಅಕ್ಕನೇ ಸಮಾಧಾನ ಹೇಳಬೇಕಾಯಿತು.

ಸಿಕ್ಕಿತು ಎಂದು ಓಡಿಹೋಗಿ ಹೇಳಲು ಮಾತ್ರ ಕಾಲು ಬರಲಿಲ್ಲ. ಕೊಡುವುದು ಉಪಕಾರವೋ, ಆರಿದ ಗಾಯವನ್ನು ಕೆದಕುವುದೋ ತಿಳಿಯಲಿಲ್ಲ. ವಾರ್ಡಿನ ದೊಡ್ಡ ಸಿಸ್ಟರ್ “ಕೊಟ್ಟುಬಿಡಿ” ಎಂದರು. ಗಂಡ “ಬೇಡ” ಎಂದರು. “ಏಳು ವರ್ಷ ಕಾದ ತಾಯಿಗೆ ಅರ್ಧ ಮಗು ತೋರಿಸ್ತೀಯಾ? ಮಿಕ್ಕರ್ಧ ಹೇಗಿತ್ತು ಅಂತ ಅವಳು ಜೀವನಪೂರ್ತಿ ಕೊರಗ್ಬೇಕಾ?” ಎಂದು ರೇಗಿದರು. ಬೂದು ಭಾಗವನ್ನು ಕತ್ತರಿಸಿಬಿಡು ಎಂದೂ ಹೇಳಿ ನೋಡಿದರು. ಅಕ್ಕ ಒಪ್ಪಲಿಲ್ಲ. “ಕತ್ತರಿಸಿದ್ರೆ ತೆಗೆದಿದ್ದೇ ಇಷ್ಟು ಅಂತ ಸುಳ್ಳು ಹೇಳಿದ ಹಾಗೆ. ನಾನು ಕಳೆದಿದ್ದು ಅದರಲ್ಲಿ ಕಾಣ್ಬೇಕು” ಎಂದರು.

ಗಂಡ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಫೋಟೊ ಕೇಳಿ ತೆಗೆದುಕೊಂಡು, ಅಳತೆಪಟ್ಟಿ ಹಿಡಿದು ಏನೋ ಗುರುತು ಹಾಕಿಕೊಂಡರು. ಸಂಜೆಗೆ ಬಿಳಿ ಮೆತ್ತನೆ ಬಟ್ಟೆಯ ಒಂದು ಪುಟ್ಟ ಚೀಲ ಹೊಲಿದು ಮೇಜಿನ ಮೇಲಿಟ್ಟರು. ಫೋಟೊವನ್ನು ಅದರೊಳಗೆ ಇಳಿಸಿದರೆ ಬಟ್ಟೆಯ ಅಂಚು ಸರಿಯಾಗಿ ಬೂದು ಬಣ್ಣ ಶುರುವಾಗುವ ಗೆರೆಗೆ ಬಂದು ನಿಲ್ಲುತ್ತದೆ. ಹಣೆ, ಕಣ್ಣು, ಕಿವಿ ಮಾತ್ರ ಹೊರಗೆ. ಮಿಕ್ಕದ್ದು ಹೊದಿಕೆಯ ಕೆಳಗೆ.

“ಕೊಡು ಅಂತಾನೂ ಅನ್ನಲಿಲ್ಲ, ಬೇಡ ಅಂತಾನೂ ಅನ್ನಲಿಲ್ಲ” ಎಂದು ಅಕ್ಕ ನೆನೆಸಿಕೊಳ್ಳುತ್ತಾರೆ. “ಇಟ್ಟು ಅಂಗಡಿಗೆ ಹೋಗಿಬಿಟ್ರು.”

ಹತ್ತು ಗಂಟೆಗೆ ಇನ್ನೂ ಐದು ನಿಮಿಷ ಇರುವಾಗಲೇ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಅವಳಿಗೆ ಈಗ ನಲವತ್ತರ ಹತ್ತಿರ, ಕಿವಿಯ ಪಕ್ಕದಲ್ಲಿ ಒಂದೆರಡು ಬಿಳಿ ಕೂದಲು. ಭುಜದಲ್ಲಿ ಅಂಗಡಿಯ ಚೀಲ. ಹೊಸ್ತಿಲಲ್ಲಿ ನಿಂತು, ಪ್ರತಿ ವರ್ಷದ ಹಾಗೆ, “ಸಿಕ್ತಾ?” ಎನ್ನುತ್ತಾಳೆ. ಉತ್ತರ ಗೊತ್ತಿರುವವಳ ಹಾಗೆ ಬೆಂಚಿನ ಕಡೆ ತಿರುಗಿಯೂ ಬಿಟ್ಟಿದ್ದಾಳೆ.

ಅಕ್ಕ ಡ್ರಾಯರಿನ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದಾರೆ. ‘ಇಲ್ಲಮ್ಮಾ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿದೆ. ಆರು ವರ್ಷ ಹೇಳಿ ಹೇಳಿ ಅಭ್ಯಾಸವಾದ ಮಾತು.

“ಅರ್ಧ ಸಿಕ್ಕಿದೆ ಅಮ್ಮಾ.”

ಅವಳು ತಿರುಗಿದವಳು ಹಾಗೆಯೇ ನಿಲ್ಲುತ್ತಾಳೆ. ಫ್ಯಾನುಗಳ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅಕ್ಕ ಮತ್ತೊಮ್ಮೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳುತ್ತಾಳೆ.

“ಯಾವ ಅರ್ಧ?”

“ಮೇಲಿಂದು. ಕಣ್ಣಿನ ತನಕ.”

ಇಬ್ಬರೂ ಬೆಂಚಿನ ಮೇಲೆ ಕೂರುತ್ತಾರೆ. ಅಕ್ಕ ಕವರನ್ನು ಕೊಡುತ್ತಾರೆ. ತೆರೆಯುವ ಮೊದಲು ಅವಳು ಅಂಗೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಬಟ್ಟೆಯ ಚೀಲದೊಳಗಿಂದ ಇಣುಕುವ ಆ ಮುಖವನ್ನು ಮೊದಲು ದೂರ ಹಿಡಿದು, ಆಮೇಲೆ ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡುತ್ತಾಳೆ. ಉಗ್ರಾಣದ ಮೇಲ್ವಿಚಾರಕ ಬಾಗಿಲವರೆಗೆ ಬಂದವನು ಹಾಗೆಯೇ ಒಳಗೆ ಸರಿಯುತ್ತಾನೆ. ಅಕ್ಕನಿಗೆ ಗಂಡನ ಮಾತೇ ನಿಜವಾಯಿತೇನೋ ಎಂಬ ಅಳುಕು.

ಕನ್ನಡಕದ ಅಂಗಡಿಯವಳು ದಿನಕ್ಕೆ ಇಪ್ಪತ್ತು ಮುಖ ನೋಡುತ್ತಾಳೆ. ಬೇರೆಯವರ ಕಣ್ಣಿಗೆ ಬೀಳದ್ದು ಅವಳಿಗೆ ಕಾಣುತ್ತದೆ. ತೋರುಬೆರಳನ್ನು ಫೋಟೊಗೆ ತಾಗಿಸದೆ, ಅದರ ಮೇಲಿಂದ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಗೆರೆ ಎಳೆದ ಹಾಗೆ ಆಡಿಸುತ್ತಾಳೆ.

“ಎಡಗಿವಿ ಒಂಚೂರು ಮೇಲಿದೆ ನೋಡಿ ಅಕ್ಕ” ಎನ್ನುತ್ತಾಳೆ. “ಇವಳಪ್ಪಂದೂ ಹೀಗೇ. ಎಂಥ ಫ್ರೇಮ್ ಕೊಟ್ರೂ ಓರೆ ಕೂರುತ್ತೆ. ಮದುವೆಗೆ ಮುಂಚೆ ಅಂಗಡಿಗೆ ಬಂದಿದ್ರು, ನಾನು ಮೂರು ಸಲ ಬಿಗಿ ಮಾಡಿ ಕೊಟ್ಟಿದ್ದೆ.”

ಹೇಳುತ್ತ ಹೇಳುತ್ತ ನಗುತ್ತಾಳೆ. ನಗು ಅರ್ಧಕ್ಕೆ ಬರುವಾಗ ಅಳುವಾಗುತ್ತದೆ. ಆರು ವರ್ಷದಲ್ಲಿ ಈ ಬೆಂಚಿನ ಮೇಲೆ ಅವಳು ಅತ್ತದ್ದನ್ನು ಅಕ್ಕ ಕಂಡಿರಲಿಲ್ಲ. ಅಕ್ಕನೂ ಅಳುತ್ತಾರೆ. ಮೇಲೆ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದ ಸದ್ದು ತಲೆಯ ಮೇಲಿಂದ ಸಾಗಿಹೋಗುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ಫೋಟೊವನ್ನು ಚೀಲದಿಂದ ಪೂರ್ತಿ ಹೊರಗೆಳೆಯುತ್ತಾಳೆ. ಬೂದು ಭಾಗವನ್ನೂ ನೋಡುತ್ತಾಳೆ. ಅದರ ಮೇಲೆ ಏನು ಬರೆದಿತ್ತು ಎಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಅವಳು ತಲೆಯಾಡಿಸಿ, ಫೋಟೊವನ್ನು ಮೆಲ್ಲಗೆ ಮತ್ತೆ ಚೀಲದೊಳಗೆ ಇಳಿಸಿ, ಬಟ್ಟೆಯ ಅಂಚನ್ನು ಬೆರಳಿನಿಂದ ನೇರ ಮಾಡುತ್ತಾಳೆ.

“ಇದು ಹೊಲಿದೋರು ಯಾರು?”

“ನಮ್ಮ ಯಜಮಾನ್ರು.”

“ಅಳತೆ ಸರಿಯಾಗಿದೆ.”

ಚಹಾ ತಣ್ಣಗಾಗಿದೆ. ಆದರೂ ಇಬ್ಬರೂ ಕುಡಿಯುತ್ತಾರೆ. ಅಂಗಡಿ ತೆರೆಯುವ ಹೊತ್ತು ಮೀರಿದೆ, ಅವಳಿಗೆ ಅವಸರವಿಲ್ಲ. ಎದ್ದು ಹೊರಟವಳು ಮೊದಲ ಮೆಟ್ಟಿಲ ಬಳಿ ನಿಂತು ತಿರುಗುತ್ತಾಳೆ.

“ಅಕ್ಕ, ಇದು ನನ್ನ ಕೈಯಲ್ಲಿ ಕಳೆದುಹೋದ್ರೆ?”

“ಮೂರು ಕಡೆ ಇಟ್ಟಿದ್ದೀನಿ ಅಮ್ಮಾ.”

“ಇದೆ ಅಂತ ನೋಡಿದ್ದೀರಾ?”

ಆರು ವರ್ಷದ ಹಿಂದೆ ಇದೇ ನೆಲಮಾಳಿಗೆಯಲ್ಲಿ ಇಂಥದೇ ಪ್ರಶ್ನೆಗೆ ಅಕ್ಕ ತಲೆ ತಗ್ಗಿಸಿದ್ದರು. ಇವತ್ತು ತಗ್ಗಿಸುವುದಿಲ್ಲ.

“ನೋಡಿದ್ದೀನಿ. ಇವತ್ತು ಬೆಳಗ್ಗೆನೂ ನೋಡಿದೆ. ದಿನಾ ನೋಡ್ತೀನಿ.”

ಅವಳು ಮೆಟ್ಟಿಲು ಹತ್ತಿ ಹೋದ ಮೇಲೆ ಅಕ್ಕ ಮತ್ತೆ ಕೋಟು ತೊಟ್ಟು ಚಳಿ ಕೋಣೆಗೆ ಬರುತ್ತಾರೆ. ಫೋನು ಆಗಲೇ ಬಡಿದುಕೊಳ್ಳುತ್ತಿದೆ, ಯಾರದೋ ಏನೋ ತಾನಾಗೇ ಹೋಗಿದೆ. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಸನ್ಮಾನ, ಹಾರ, ಭಾಷಣ ಏನೂ ಬೇಡವಂತೆ. ಎಡಗಿವಿ ಹೇಗೂ ಸರಿಯಾಗಿ ಕೇಳಿಸುವುದಿಲ್ಲ, ಹೊಗಳಿದ್ದು ಅರ್ಧ ವ್ಯರ್ಥ ಎನ್ನುತ್ತಾರೆ. ಆಸೆ ಏನಾದರೂ ಉಂಟೇ ಎಂದರೆ ಪಟ್ಟಿಯ ಕೊನೆಯ ಸಾಲಿನ ಕಡೆ ಕೈ ತೋರಿಸುತ್ತಾರೆ.

“ನನ್ನ ಜಾಗಕ್ಕೆ ಬರೋರಿಗೆ ಈ ನೋಟ್‌ಬುಕ್ ಕೊಟ್ಟು ಹೋಗ್ತೀನಿ. ಬೇರೆ ಏನು ಬದಲಾಯಿಸ್ಕೊಂಡ್ರೂ ನನ್ನದೇನೂ ಇಲ್ಲ. ಈ ಇನ್ನೂರ ಹದಿನಾಲ್ಕನ್ನ ಮಾತ್ರ ಹಸಿರಿದೆ ಅಂತ ಬಿಟ್ಟುಬಿಡ್ಬಾರ್ದು. ದಿನಾ ಒಂದು ಸಲ ತೆಗೆದು ಮುಖ ನೋಡ್ಬೇಕು. ಅಷ್ಟು ಮಾಡಿದ್ರೆ ಸಾಕು.”

ಹೇಳಿ, ನೋಟ್‌ಬುಕ್ ತೆರೆದು, ಬೆಳಗ್ಗೆ ಬರೆದ ‘131 — ಬಂತು’ ಎಂಬುದರ ಕೆಳಗೆ ಇನ್ನೊಂದು ಸಾಲು ಬರೆಯುತ್ತಾರೆ. ‘214 — ಅರ್ಧ. ಬಂತು.’ ಸ್ವಲ್ಪ ಯೋಚಿಸಿ, ಮುಂದೆ ಸೇರಿಸುತ್ತಾರೆ: ‘ಅಮ್ಮನೂ ನೋಡಿದಳು.’